ನಾವಿಕರ ಪಟ್ಟಿಯಲ್ಲಿ ನಾನು ನೋಡದೆ ಬಿಟ್ಟ ಸಂಖ್ಯೆ

ಸ್ಕ್ಯಾನ್ ಮಾಡಿದ ಹಳೆಯ ಕೈಬರಹದ ದಾಖಲೆಗಳನ್ನು ಓದಿ ಕಂಪ್ಯೂಟರಿಗೆ ಏರಿಸುವುದು ಮೈಸೂರಿನ ಡೇಟಾ ಎಂಟ್ರಿ ಕಚೇರಿಯೊಂದರಲ್ಲಿ ನನ್ನ ಕೆಲಸ. ಒಮ್ಮೆ ನಮ್ಮ ತಂಡದ ಪಾಲಿಗೆ ಬಂದದ್ದು ಐರ್ಲೆಂಡಿನ ಬಂದರುಗಳಲ್ಲಿ ನೋಂದಣಿಯಾಗಿದ್ದ ವ್ಯಾಪಾರಿ ಹಾಯಿಹಡಗುಗಳ ನಾವಿಕರ ಪಟ್ಟಿಗಳು. ಪ್ರತಿ ಸಾಲಿನಲ್ಲಿ ಒಬ್ಬ ನಾವಿಕನ ಹೆಸರು, ವಯಸ್ಸು, ಹುಟ್ಟೂರು, ಹಿಂದೆ ದುಡಿದ ಹಡಗು, ಹುದ್ದೆ, ಕೊನೆಗೆ ಅವನ ಸಹಿ; ಬರೆಯಲು ಬಾರದವನಾದರೆ ಒಂದು ಕತ್ತರಿ ಗುರುತು.

ದೂರದೇಶಕ್ಕೆ ಹೋಗುವ ಹಡಗಿಗೆ ಸಾಮಾನ್ಯವಾಗಿ ಪ್ರಯಾಣಕ್ಕೊಂದು ನಾವಿಕರ ಕರಾರು ಪತ್ರವಾಗುತ್ತಿತ್ತು. ಆದರೆ ಬ್ರಿಟನ್, ಐರ್ಲೆಂಡ್ ಹಾಗೂ ಜರ್ಮನಿಯ ಎಲ್ಬ್ ನದಿಯಿಂದ ಫ್ರಾನ್ಸಿನ ಬ್ರೆಸ್ಟ್ ಬಂದರಿನವರೆಗಿನ ಯುರೋಪಿನ ಕರಾವಳಿಯೊಳಗೆ ಓಡಾಡುತ್ತಿದ್ದ ಸ್ಕೂನರು ಎಂಬ ಹಾಯಿಹಡಗುಗಳು ಜೂನ್ 30ಕ್ಕೆ ಒಂದು, ಡಿಸೆಂಬರ್ 31ಕ್ಕೆ ಇನ್ನೊಂದು ಎಂದು ವರ್ಷಕ್ಕೆ ಎರಡು ಪಟ್ಟಿ ಒಪ್ಪಿಸಬೇಕಿತ್ತು. ವೇಲ್ಸ್, ಇಂಗ್ಲೆಂಡಿನಿಂದ ಕಲ್ಲಿದ್ದಲು ತರುತ್ತಿದ್ದ ಇಂಥ ಸಣ್ಣ ಹಡಗುಗಳಲ್ಲಿ ಕ್ಯಾಪ್ಟನ್, ಅವನ ಕೆಳಗಿನ ಅಧಿಕಾರಿಯಾದ ಮೇಟ್, ಇಬ್ಬರು ಮೂವರು ಖಲಾಸಿಗಳು ಮತ್ತು ಅಡುಗೆಯನ್ನೂ ನೋಡಿಕೊಳ್ಳುವ ಒಬ್ಬ ಹುಡುಗ, ಹೀಗೆ ಐದಾರು ಜನರಷ್ಟೇ ಇರುತ್ತಿದ್ದರು.

ಒಂದೇ ಹಡಗಿನ ಹೆಸರಿದ್ದ, ಒಂದೇ ವರ್ಷದ ಎರಡು ಪಟ್ಟಿಗಳು ನನ್ನ ಮುಂದೆ ಬಂದಾಗ, ಜೂನ್ ತಿಂಗಳದ್ದು ಮೊದಲರ್ಧ, ಡಿಸೆಂಬರಿನದು ಉತ್ತರಾರ್ಧ ಎಂದುಕೊಂಡು ಎರಡನ್ನೂ ಒಂದೇ ಹಡಗಿನ ಅಡಿಯಲ್ಲಿ ಸೇರಿಸಿಬಿಟ್ಟೆ. ಎರಡರಲ್ಲೂ ಒಬ್ಬ ಜಾನ್ ಮರ್ಫಿ ಇದ್ದನು, ವಯಸ್ಸೂ ಹೆಚ್ಚು ಕಡಿಮೆ ಹೊಂದುತ್ತಿತ್ತು. ಮರುಪರಿಶೀಲನೆ ಮಾಡುವ ನಮ್ಮ ಮೇಡಂ ಎರಡೂ ಹಾಳೆಗಳನ್ನು ಪರದೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು, "ಜೂನ್‌ನಲ್ಲಿ ಇಷ್ಟು ದುಂಡಗೆ ಸಹಿ ಮಾಡಿದವನು ಡಿಸೆಂಬರಿನಲ್ಲಿ ಕತ್ತರಿ ಗುರುತು ಏಕೆ ಹಾಕಿದ?" ಎಂದು ಕೇಳಿದರು. ಆ ಗುರುತನ್ನು ನಾನೂ ನೋಡಿದ್ದೆ. ಕೈಗೆ ಪೆಟ್ಟಾಗಿರಬಹುದು ಎಂದು ಮನಸ್ಸಿನಲ್ಲೇ ಒಂದು ಕಾರಣ ಹೊಂದಿಸಿಕೊಂಡು ಮುಂದೆ ಹೋಗಿದ್ದೆ.

ಹಾಳೆಯ ತಲೆಯಲ್ಲಿದ್ದ ಅಧಿಕೃತ ಸಂಖ್ಯೆಯನ್ನು ಆಮೇಲೆ ಓದಿದೆವು. ಐದು ಅಂಕಿಗಳಲ್ಲಿ ನಡುವಿನ ಎರಡು ಬೇರೆಯಾಗಿದ್ದವು. 1854ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಂತೆ ಪ್ರತಿ ನೋಂದಾಯಿತ ಹಡಗಿಗೆ ಕೊಡುತ್ತಿದ್ದ ಈ ಸಂಖ್ಯೆಯನ್ನು ಹಡಗಿನ ಮುಖ್ಯ ತೊಲೆಯಲ್ಲಿ ಕೆತ್ತಿಸಬೇಕಿತ್ತು. ಮಾಲೀಕ ಬದಲಾದರೂ, ನೋಂದಣಿಯ ಬಂದರು ಬದಲಾದರೂ, ಹೆಸರೇ ಬದಲಾದರೂ ಅದು ಬದಲಾಗುತ್ತಿರಲಿಲ್ಲ. ಮೇರಿ, ಎಲಿಜಬೆತ್, ಬ್ರದರ್ಸ್, ಹೋಪ್ ಎಂಬ ಹೆಸರುಗಳು ಬಂದರು ಬಂದರಿನಲ್ಲೂ ಇದ್ದ ಕಾಲದಲ್ಲಿ ಹಡಗನ್ನು ಗುರುತಿಸಲು ನಂಬಬಹುದಾದದ್ದು ಈ ಸಂಖ್ಯೆಯೇ. ಆ ಕಾಲಂ ಅನ್ನು ನಾನು ಕೊನೆಗೆ ತುಂಬಿಸುವ ಅಭ್ಯಾಸ ಮಾಡಿಕೊಂಡಿದ್ದೆ.

ನಾನು ಏರಿಸಿದ್ದ ಅಷ್ಟೂ ಪಟ್ಟಿಗಳನ್ನು ಮತ್ತೆ ತೆರೆದು ನೋಡಲು ಒಂದು ವಾರ ಹಿಡಿಯಿತು, ಇನ್ನೂ ಮೂರು ಕಡೆ ಇದೇ ತಪ್ಪು ಸಿಕ್ಕಿತು. ತನ್ನ ಮುತ್ತಜ್ಜನನ್ನು ಹುಡುಕಿಕೊಂಡು ಬರುವವರು ನಾವು ಏರಿಸಿದ್ದನ್ನೇ ನಿಜವೆಂದು ನಂಬುತ್ತಾರೆ ಎಂಬುದು ಆ ವಾರವಿಡೀ ನನ್ನನ್ನು ಕಾಡಿತು. ಈಗ ಹಾಳೆ ತೆರೆದೊಡನೆ ಸಂಖ್ಯೆಯನ್ನು ದೊಡ್ಡದು ಮಾಡಿ ಮೊದಲು ಓದುತ್ತೇನೆ, ಸಹಿಗಳನ್ನು ನೋಡುತ್ತೇನೆ, ಹಡಗಿನ ಹೆಸರು ಅದರ ನಂತರ. ಕತ್ತರಿ ಗುರುತಿನ ಜಾನ್ ಮರ್ಫಿ ಈಗ ತನ್ನ ಹಡಗಿನಲ್ಲಿದ್ದಾನೆ.