137 ಹೋಗಿ 121 ಆದ ಕಥೆ: ನಾಲ್ಕನೇ ತ್ರೈಮಾಸಿಕದ ವರದಿ ಡೈರಿ

ನೀರಿನ ಯೋಜನೆಯ ವರದಿಯಲ್ಲಿ 137 ಇದ್ದ ಕುಟುಂಬಗಳು 121 ಆದದ್ದು ಯಾಕೆ ಅಂತ ಕೊನೆಗೂ ಸಿಕ್ಕಿತು. ಹನ್ನೊಂದು ದಿನ, ಒಂದು ಜೀಪು ಬಾಡಿಗೆ, ಕಾಡಿನಿಂದ ಹೊರಗೇ ಬರದ ಒಂದು ಆನೆ ಹಿಂಡು. ಇಷ್ಟೆಲ್ಲ ಖರ್ಚಾದ ಮೇಲೆ.

ಹಿಂದಿನ ಕಂತು ಓದದವರಿಗೆ ಒಂದೇ ಉಸಿರಲ್ಲಿ ಹೇಳಿಬಿಡುತ್ತೇನೆ. ಕೊಡಗಿನ ಬ್ರಹ್ಮಗಿರಿ ತಪ್ಪಲಲ್ಲಿ, ಕುಟ್ಟ–ಶ್ರೀಮಂಗಲ ಕಡೆಯ ನಾಲ್ಕು ಹಾಡಿಗಳಿಗೆ (ಬುಡಕಟ್ಟು ಜನರ ಸಣ್ಣ ಊರುಗಳಿಗೆ) ಗುಡ್ಡದ ಒರತೆಯಿಂದ ಪೈಪಿನಲ್ಲಿ ಕುಡಿಯುವ ನೀರು ಇಳಿಸುವ ಯೋಜನೆ. ಮೋಟಾರಿಲ್ಲ, ಕರೆಂಟಿನ ಹಂಗಿಲ್ಲ, ನೀರು ಇಳಿಜಾರು ಹಿಡಿದು ತಾನಾಗಿ ಬರುತ್ತದೆ. ದುಡ್ಡು ವಿದೇಶದ ಒಂದು ಟ್ರಸ್ಟಿನದು. ಕೆಲಸ ಮಾಡುವವರು ಬೇರೆ, ಮಾಡಿದ್ದನ್ನು ಬರೆಯುವವನು ನಾನು. ಹಗಲು ಬೇರೆ ನೌಕರಿ, ರಾತ್ರಿ ವರದಿ. 'ಊರವರೆಲ್ಲ ಇಸ್ಪೀಟು ಆಡ್ತಾರೆ, ನೀವು ಲಾಗ್‌ಫ್ರೇಮ್ ಆಡ್ತೀರಿ' ಅಂತ ಮನೆಯಲ್ಲಿ ಒಂದು ಮಾತು ಯಾವಾಗಲೂ ಚಾಲ್ತಿಯಲ್ಲಿರುತ್ತದೆ. ಲಾಗ್‌ಫ್ರೇಮ್ ಅಂದರೆ ಯೋಜನೆಯ ಗುರಿ, ಅದನ್ನು ಅಳೆಯುವ ಸೂಚಕ, ಊಹೆ ಎಲ್ಲವನ್ನೂ ತುಂಬುವ ಕೋಷ್ಟಕ.

ಸಂಬಳ ಯಾಕೆ ಕೇಳುವುದಿಲ್ಲ ಅಂತ ಕಳೆದ ಸಲ ಯಾರೋ ಕೇಳಿದ್ದರು. 2020ರ ತಿದ್ದುಪಡಿ ಆದಮೇಲೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಹಣದಲ್ಲಿ ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿದಿದೆ. ಆಡಳಿತ ವೆಚ್ಚ ಅಂದರೆ ಏನೇನು ಅಂತ ನಿಯಮದಲ್ಲೇ ಪಟ್ಟಿ ಇದೆ, ಅದರಲ್ಲಿ ವರದಿ ಬರೆದು ಸಲ್ಲಿಸುವ ಖರ್ಚೂ ಒಂದು. ಕಚೇರಿ ಬಾಡಿಗೆ, ಗಾಡಿ ರಿಪೇರಿ, ಲೆಕ್ಕ ಬರೆಯುವವರ ಸಂಬಳ ಎಲ್ಲವೂ ಅದೇ ಇಪ್ಪತ್ತರ ಬೆಂಚಿನಲ್ಲಿ ಒತ್ತಿಕೊಂಡು ಕೂತಿವೆ. ಅಲ್ಲಿ ನನಗೆ ಜಾಗ ಇಲ್ಲ, ನಿಂತುಕೊಂಡೇ ಪ್ರಯಾಣ.

ಹಣಕಾಸಿನ ಪಟ್ಟಿ, ಯುಸಿ (ಹಣ ಬಳಸಿದ್ದಕ್ಕೆ ಪ್ರಮಾಣಪತ್ರ), ಅಕ್ಷಾಂಶ ರೇಖಾಂಶ ಒತ್ತಿದ ಫೋಟೊಗಳು ಮಾಮೂಲಿ, ಅವುಗಳ ಕಥೆ ಬೇಡ. ಪೈಪಿನ ಅಂಗಡಿಯ ಬಿಲ್ಲು ಮಾತ್ರ ಈ ಸಲವೂ ಬಿಡಲಿಲ್ಲ. 63 ಮಿಲಿಮೀಟರಿನ ಎಚ್‌ಡಿಪಿಇ ಪೈಪು ತರಿಸಿದ್ದಕ್ಕೆ ಬಿಲ್ಲಿನಲ್ಲಿ 'ಪ್ಲಾಸ್ಟಿಕ್ ಸಾಮಾನು, ಒಂದು ಲೋಡು' ಅಂತ ಬರೆದಿದೆ. ಜಿಎಸ್‌ಟಿ ನಂಬರ್ ಇರಬೇಕಾದ ಜಾಗದಲ್ಲಿ ಅಂಗಡಿಯ ಮೊಬೈಲ್ ನಂಬರು. ಮೂರು ಸಲ ಹೋಗಿ ಬಂದೆ. ನಾಲ್ಕನೇ ಸಲ ಹೊಸ ಬಿಲ್ಲು ಕೊಟ್ಟರು, ತಾರೀಕು ಮಾತ್ರ ಮುಂದಿನ ಆರ್ಥಿಕ ವರ್ಷದ್ದು!

ಇರಲಿ, ವಿಷಯಕ್ಕೆ ಬರುತ್ತೇನೆ.

ನಮ್ಮ ಲಾಗ್‌ಫ್ರೇಮಿನ ಎರಡನೇ ಸೂಚಕ ಇದು: 'ಹೋಗಿ, ಸರತಿ ನಿಂತು, ತುಂಬಿಸಿಕೊಂಡು ಬರುವುದಕ್ಕೆ 30 ನಿಮಿಷ ಮೀರದ ದೂರದಲ್ಲಿ ಶುದ್ಧ ಕುಡಿಯುವ ನೀರು ಇರುವ ಕುಟುಂಬಗಳ ಸಂಖ್ಯೆ.' ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನವರ ಅಳತೆಗೋಲಿನಿಂದ ಎತ್ತಿಕೊಂಡದ್ದು, ಹಾಗಾಗಿ ಡೋನರಿಗೆ ಬಹಳ ಪ್ರೀತಿ. ಗುರಿ 140. ಎರಡನೇ ತ್ರೈಮಾಸಿಕದಲ್ಲಿ 118 ಬರೆದೆ. ಮೂರನೆಯದರಲ್ಲಿ 137. ಆಗ ಟ್ರಸ್ಟಿನ ಪ್ರೋಗ್ರಾಂ ಆಫೀಸರ್ ಮೇಡಂ ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಶಹಬ್ಬಾಸ್ ಕಳಿಸಿದ್ದರು. ಇನ್ನು ಮೂರೇ ಬಾಕಿ, ವರ್ಷಾಂತ್ಯಕ್ಕೆ ಗುರಿ ದಾಟಿ ಕೂರಬಹುದು ಅಂದುಕೊಂಡು ನಾನೂ ಹಾಯಾಗಿದ್ದೆ.

ಫೆಬ್ರುವರಿ ಎಣಿಕೆ ಬಂತು: 121.

ವರದಿ ತುಂಬುವ ಟ್ರಸ್ಟಿನ ಪೋರ್ಟಲ್ಲಿನಲ್ಲಿ 121 ಒತ್ತಿದರೆ ಪೆಟ್ಟಿಗೆ ಕೆಂಪಾಗುತ್ತದೆ. ಸಂಚಿತ ಸಂಖ್ಯೆ ಹಿಂದಿನ ಅವಧಿಗಿಂತ ಕಡಿಮೆ ಇರುವಂತಿಲ್ಲವಂತೆ. ಮುಂದಿನ ಪುಟಕ್ಕೆ ಬಿಡುವುದಿಲ್ಲ. ಒಂದು ಸಲ ಏರಿದ್ದು ಇಳಿಯಲೇಕೂಡದು ಅಂತ ನಂಬಿದವರು ಕಟ್ಟಿದ ಪೋರ್ಟಲ್. ಕಾಳುಮೆಣಸಿನ ರೇಟು ನೋಡಿದವರಲ್ಲ ಅನಿಸುತ್ತದೆ.

ಮೊದಲು ಎಕ್ಸೆಲ್ ಮೇಲೆ ಗುಮಾನಿ ಬಂತು. ಹೆಸರಿನ ಹಿಂದೆ ಒಂದು ಖಾಲಿ ಜಾಗ ಉಳಿದರೂ ಒಬ್ಬರೇ ಇಬ್ಬರಾಗುವುದು ನಮಗೆಲ್ಲ ಗೊತ್ತಿರುವ ರೋಗ. ಹಳೆಯ ಪಟ್ಟಿ ನುಡಿ ಫಾಂಟಿನಲ್ಲಿ, ಹೊಸದು ಯೂನಿಕೋಡಿನಲ್ಲಿ. ಬದಲಾಯಿಸುವಾಗ ಅರ್ಕಾವತ್ತು ಹಾರಿ, ಒತ್ತಕ್ಷರ ಒಡೆದು, ಕೆಲವು ಹೆಸರುಗಳು ಮಂತ್ರವಾದಿಯ ಯಂತ್ರದ ಹಾಗೆ ಕಾಣುತ್ತಿದ್ದವು. ಎರಡು ರಾತ್ರಿ ಕೂತು ಒಂದೊಂದೇ ಸಾಲು ತಾಳೆ ನೋಡಿದೆ. ಹೂಮಳೆ ಬಂದು ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಲೆಕ್ಕ ಮಾತ್ರ ಅಲ್ಲಾಡಲಿಲ್ಲ. ಹದಿನಾರು ಕುಟುಂಬ ನಿಜವಾಗಿಯೂ ಇಲ್ಲ.

ಆಗ ನಮ್ಮ ಫೀಲ್ಡಿನ ಹುಡುಗಿಯ ವಾಟ್ಸಾಪ್ ಕಣ್ಣಿಗೆ ಬಿತ್ತು. ಹಾಡಿಯಲ್ಲೇ ಬೆಳೆದು ಪಿಯುಸಿ ಮುಗಿಸಿದವಳು, ಅಕ್ಟೋಬರಿನಿಂದ ಎಣಿಕೆ ಅವಳದೇ. ಎಣಿಕೆ ಪಟ್ಟಿಯ ಕೆಳಗೆ ಬರೆದಿದ್ದಳು: '16 ಲೈನ್.'

ಓಹೋ ಅಂದುಕೊಂಡೆ. ಲೈನ್ ತೊಂದರೆ. ಪೈಪು ಒಡೆದಿದೆ. ನಮ್ಮ ಕಡೆ ಗುಡ್ಡದಲ್ಲಿ ಪೈಪು ಒಡೆಯಿತು ಅಂದರೆ ಮನಸ್ಸು ಮೊದಲು ಹೋಗುವುದು ಆನೆಯ ಕಡೆಗೆ. ವರದಿ ಬರೆಯುವವನ ಚಟ ನಿಮಗೆ ಗೊತ್ತು, ಕಾರಣ ಒಂದು ಸಿಕ್ಕರೆ ವಾಕ್ಯ ತಾನಾಗಿ ಓಡುತ್ತದೆ. 'ಕಾಡಾನೆಗಳ ಸಂಚಾರದಿಂದ ಪೈಪ್‌ಲೈನಿಗೆ ಹಾನಿಯಾಗಿ 16 ಕುಟುಂಬಗಳ ನೀರು ಪೂರೈಕೆಗೆ ತಾತ್ಕಾಲಿಕ ಅಡಚಣೆ' ಅಂತ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಹೊಡೆದು ಮೇಡಂಗೆ ಮೇಲ್ ಕಳಿಸಿಯೇಬಿಟ್ಟೆ.

ಎರಡು ವಾರಕ್ಕೊಮ್ಮೆ ಉತ್ತರ ಕೊಡುವವರು ಇಪ್ಪತ್ತು ನಿಮಿಷದಲ್ಲಿ ಬರೆದರು. ತುರ್ತು ನಿಧಿ ಇದೆ, ದುರಸ್ತಿಗೆ ಅಂದಾಜು ಪಟ್ಟಿ ಕಳಿಸಿ. ಮಾನವ–ಆನೆ ಸಂಘರ್ಷದ ಮೇಲೆ ಎರಡು ಪುಟದ ಅಧ್ಯಯನ ಸಾಧ್ಯವೇ? ಫೋಟೊ ಇದೆಯೇ?

ಫೋಟೊ ಇತ್ತು. ಕಳೆದ ವರ್ಷದ್ದು, ಪೈಪಿನ ಪಕ್ಕ ಆನೆ ಲದ್ದಿ. ಆನೆ ಪೈಪನ್ನು ಮುಟ್ಟಿರಲಿಲ್ಲ. ದಾಟಿ ಹೋಗುವಾಗ ಅಭಿಪ್ರಾಯ ಒಂದು ಇಟ್ಟು ಹೋಗಿತ್ತು ಅಷ್ಟೆ.

ಅಂದಾಜು ಪಟ್ಟಿ ಬೇಕಲ್ಲ, ಪ್ಲಂಬರ್‌ನನ್ನು ಜೀಪಿನಲ್ಲಿ ಕಳಿಸಿದೆ. ಬಾಡಿಗೆ 1,800 ರೂಪಾಯಿ. ಬೆಳಿಗ್ಗೆ ಹೋದವರು ಸಂಜೆಗೆ ಬಂದರು, ಕೈಯಲ್ಲಿ ಎರಡು ಎಳೆ ಹಲಸು. 'ಲೈನ್ ಎಲ್ಲ ಸರಿ ಉಂಟು ಸಾರ್. ಒಂದು ತೊಟ್ಟು ಸೋರುವುದಿಲ್ಲ. ಹದಿನಾರು ಮನೆಗೆ ಬೀಗ ಉಂಟು, ನಲ್ಲಿ ತಿರುಗಿಸಿದ್ರೆ ನೀರು ಬರ್ತದೆ.'

ಹುಡುಗಿಗೆ ಫೋನ್ ಮಾಡಿದೆ.

'ಅಲ್ಲಮ್ಮ, ಹದಿನಾರು ಲೈನ್ ಅಂತ ಬರೆದಿದ್ದೀಯಲ್ಲ, ಯಾವ ಲೈನು?'

'ಲೈನ್ ಸಾರ್. ಲೈನ್‌ಮನೆ. ಕಾಫಿ ಕುಯ್ಯೋಕೆ ತೋಟಕ್ಕೆ ಹೋಗಿದಾರಲ್ಲ.'

ಸ್ವಲ್ಪ ಹೊತ್ತು ನಾನೂ ಮಾತಾಡಲಿಲ್ಲ, ಅವಳೂ ಮಾತಾಡಲಿಲ್ಲ. ಕೊಡಗಿನಲ್ಲೇ ಹುಟ್ಟಿ, ತೋಟದ ಕೂಲಿಯವರು ಇರುವ ಸಾಲುಮನೆಗೆ ಲೈನ್‌ಮನೆ ಅನ್ನುವ ಶಬ್ದ ಕೇಳಿಕೊಂಡೇ ಬೆಳೆದು, ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್ ತನಕ ಅಂತ ನಿದ್ದೆಯಲ್ಲೂ ಹೇಳಬಲ್ಲ ಮನುಷ್ಯ ನಾನು. ವರದಿ ಬರೆಯಲು ಕೂತರೆ ಮಾತ್ರ 'ಲೈನ್' ಅಂದರೆ ಪೈಪ್‌ಲೈನ್. ಅಕ್ಟೋಬರಿನ ಎಣಿಕೆ ಆಗುವಾಗ ಎಲ್ಲರೂ ಹಾಡಿಯಲ್ಲಿದ್ದರು. ಫೆಬ್ರುವರಿಯಲ್ಲಿ ಹದಿನಾರು ಮನೆಯವರು ಮಕ್ಕಳು, ಕೋಳಿ, ಪಾತ್ರೆ ಸಮೇತ ತೋಟದ ಲೈನಿಗೆ ಹೋಗಿದ್ದರು. ಇದ್ದವರನ್ನು ಎಣಿಸು ಅಂದಿದ್ದೆ, ಅವಳು ಇದ್ದವರನ್ನೇ ಎಣಿಸಿದ್ದಾಳೆ.

ಲಾಗ್‌ಫ್ರೇಮು ಶುರುವಾದದ್ದು 1969ರಲ್ಲಿ, ಅಮೆರಿಕದ ನೆರವು ಸಂಸ್ಥೆ ಯುಎಸ್ಏಡ್‌ನವರಿಗಾಗಿ. ನಾಲ್ಕು ಸಾಲು, ನಾಲ್ಕು ಅಂಕಣ. ನಮ್ಮ ಜೀಪಿನ ಹಾಗೆ ಇದೂ ಫೋರ್ ಬೈ ಫೋರ್, ಕೆಸರಲ್ಲಿ ಹೂತರೆ ಮಾತ್ರ ಎತ್ತುವುದಿಲ್ಲ. ಕೊನೆಯ ಅಂಕಣ 'ಊಹೆಗಳು.' ಅಲ್ಲಿ ನಾವು ಭಕ್ತಿಯಿಂದ 'ಮಳೆ ಸರಾಸರಿ ಇರುತ್ತದೆ, ಪಂಚಾಯಿತಿ ಸಹಕರಿಸುತ್ತದೆ' ಅಂತ ಬರೆದಿದ್ದೆವು. 'ಜನ ವರ್ಷಪೂರ್ತಿ ಹಾಡಿಯಲ್ಲೇ ಇರುತ್ತಾರೆ' ಅನ್ನುವುದು ಬರೆಯದೆ ಬಿಟ್ಟ ಊಹೆ.

ಭಾನುವಾರ ನಾನೇ ಹೋದೆ. ನೀರು ಸಮಿತಿಯವರು ಮನೆಗೆ ತಿಂಗಳಿಗೆ 20 ರೂಪಾಯಿ ಎತ್ತುತ್ತಾರೆ, ಅದರದ್ದೊಂದು ಉದ್ದ ನೋಟ್‌ಬುಕ್ಕು. ಮಳೆಗೆ ನೆನೆಯದ ಹಾಗೆ ಗೊಬ್ಬರದ ಚೀಲದ ತುಂಡು ಹೊಲಿದು ರಟ್ಟು ಹಾಕಿದ್ದಾರೆ. ಒಳಗೆ ಪೆನ್ಸಿಲಿನ ಗೆರೆ, ತಿಂಗಳಿಗೊಂದು ಅಂಕಣ. ಕೊಟ್ಟವರಿಗೆ 20, ಕೊಡದವರಿಗೆ ಸೊನ್ನೆ, ತೋಟಕ್ಕೆ ಹೋದವರಿಗೆ 'ಲೈ.' ಫೆಬ್ರುವರಿ ಅಂಕಣದಲ್ಲಿ ಎಣಿಸಿದೆ, ಹದಿನಾರು 'ಲೈ.' ಮಾರ್ಚಿನಲ್ಲಿ ಅದರಲ್ಲಿ ಒಂಬತ್ತು ಮತ್ತೆ 20 ಆಗಿದ್ದವು. ಡೋನರ್ ದುಡ್ಡಿನ ಟ್ಯಾಬ್ ಮೂರು ಇವೆ ನಮ್ಮಲ್ಲಿ, ಯಾವುದರಲ್ಲೂ ಇಷ್ಟು ಚೊಕ್ಕ ಮಾಹಿತಿ ಇಲ್ಲ.

ಅಲ್ಲಿಗೆ ನಿಲ್ಲಿಸಿ ಎದ್ದು ಬರಬೇಕಿತ್ತು. ಪುಟ ತಿರುಗಿಸಿದೆ. ಸಾಲಿನ ನಂಬರು 139 ತನಕ ಇದೆ. ಅದರಲ್ಲಿ ಒಂದು ಸಾಲು ಅಂಗನವಾಡಿಯದು, ಒಂದು ಸಮುದಾಯ ಭವನದ್ದು, ಸರಿ, 137 ಮನೆ. ಆದರೆ ಕೆಲವು ಸಾಲಿನ ಪಕ್ಕ ಸಣ್ಣದಾಗಿ 'ಎ' ಅಂತ ಇದೆ. ಇದೇನು ಅಂತ ಸಮಿತಿಯವರನ್ನು ಕೇಳಿದೆ.

'ಒಂದೇ ಕಾರ್ಡು ಸಾರ್, ಒಲೆ ಬೇರೆ. ಮದುವೆ ಆದಮೇಲೆ ಬೇರೆ ಹೂಡ್ತಾರಲ್ಲ.'

ಅಂಥ 'ಎ'ಗಳು ಹನ್ನೊಂದು. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ಹಿಂದಿನ ಫೀಲ್ಡ್ ಹುಡುಗ ಪಂಚಾಯಿತಿಯ ರೇಷನ್ ಕಾರ್ಡ್ ಪಟ್ಟಿ ಹಿಡಿದು ಎಣಿಸುತ್ತಿದ್ದ, 118 ಬಂದದ್ದು ಕಾರ್ಡಿನ ಲೆಕ್ಕದಲ್ಲಿ. ಈ ಹುಡುಗಿ ಒಲೆಯ ಲೆಕ್ಕದಲ್ಲಿ ಎಣಿಸಿದ್ದಾಳೆ. ಜನಗಣತಿಯವರ ವ್ಯಾಖ್ಯೆಯೂ ಅದೇ: ಸಾಮಾನ್ಯವಾಗಿ ಒಟ್ಟಿಗಿದ್ದು ಒಂದೇ ಅಡುಗೆಮನೆಯ ಊಟ ಉಣ್ಣುವವರು ಒಂದು ಕುಟುಂಬ. ಅವಳು ಮಾಡಿದ್ದೇ ಸರಿ. ಆದರೆ ಹನ್ನೊಂದು ಒಲೆಗಳಿಗೆ ಎರಡನೇ ತ್ರೈಮಾಸಿಕದಲ್ಲೇ ನಲ್ಲಿ ಬಂದಾಗಿತ್ತು. ಅಂದರೆ ಎರಡು ಆಶ್ಚರ್ಯಸೂಚಕ ಗಿಟ್ಟಿಸಿದ ಆ 19ರ ಜಿಗಿತದಲ್ಲಿ ಹೊಸ ನಲ್ಲಿ ಎಂಟೇ ಎಂಟು. ಉಳಿದ ಹನ್ನೊಂದು ನಮ್ಮ ಕಣ್ಣು ಬದಲಾದದ್ದರಿಂದ ಹುಟ್ಟಿದವು. ಗುರಿಯ 140 ಕೂಡ ಕಾರ್ಡಿನ ಲೆಕ್ಕದ್ದೇ. ಕಾರ್ಡಿನಲ್ಲಿ ನೋಡಿದರೆ ನಾವು ನಿಂತಿರುವುದು 126ರಲ್ಲಿ. ಬಾಕಿ ಮೂರಲ್ಲ, ಹದಿನಾಲ್ಕು.

ಇಳಿದದ್ದು ಯಾಕೆ ಅಂತ ಹುಡುಕಲು ಹೋಗಿ, ಏರಿದ್ದೇ ಸುಳ್ಳು ಅಂತ ಪತ್ತೆ ಮಾಡಿಕೊಂಡು ಬಂದೆ.

ಬರುವ ದಾರಿಯಲ್ಲಿ ಒರತೆಯ ಹತ್ತಿರ ಕೂತು ತಲೆ ತಣ್ಣಗೆ ಮಾಡಿಕೊಂಡೆ. ಅಲ್ಲಿ ಮುಂದಿನ ಹುಚ್ಚು ಹತ್ತಿತು. ಹತ್ತು ಲೀಟರಿನ ಬಕೆಟ್ಟು ಪೈಪಿನ ಬಾಯಿಗೆ ಹಿಡಿದು ಮೊಬೈಲಿನ ಸ್ಟಾಪ್‌ವಾಚ್ ಒತ್ತಿದರೆ 52 ಸೆಕೆಂಡು. ನಿಮಿಷಕ್ಕೆ ಹನ್ನೊಂದೂವರೆ ಲೀಟರ್, ದಿನಕ್ಕೆ ಹದಿನಾರು ಸಾವಿರದ ಐನೂರರ ಮೇಲೆ. ಜಲ ಜೀವನ್ ಮಿಷನ್ನಿನ ಅಳತೆ ತಲೆಗೆ 55 ಲೀಟರ್. ಈ ಬೇಸಿಗೆಯ ಬಡ ನೀರೂ ಮುನ್ನೂರು ಜನಕ್ಕೆ ಸಾಕು, ರಾತ್ರಿ ಹರಿದು ಹೋಗುವುದನ್ನು ಹಿಡಿದಿಡುವ ಟ್ಯಾಂಕ್ ಇದ್ದರೆ. ತಿಂಗಳಿಗೊಂದು ಸಲ ಇದನ್ನೇ ಬರೆದಿಟ್ಟರೆ ಒಂದು ಒರತೆ ಡೈರಿ ಆಗುತ್ತದೆ. ಬಕೆಟ್ಟಿಗೆ ಮಾರ್ಕರಿನಲ್ಲಿ ಗೆರೆ ಎಳೆದು ಸಮಿತಿಯವರಿಗೇ ಕೊಟ್ಟು ಬಂದಿದ್ದೇನೆ. ಮುಂದಿನ ಕಂತಿನಲ್ಲಿ ಹೇಳುತ್ತೇನೆ, ಈಗ ಬಾಯಿ ಬಿಟ್ಟರೆ ಮೇಡಂ ಅದಕ್ಕೂ ಒಂದು ಸೂಚಕ ಮಾಡುತ್ತಾರೆ.

ವಾಪಸು ಬಂದು ಕೂತಾಗ ಎದುರಿಗೆ ಸುಲಭದ ದಾರಿ ಇತ್ತು. 137 ಅಂತ ಒತ್ತಿದರೆ ಕೆಂಪು ಹೋಗುತ್ತದೆ, ಯಾರೂ ಕೇಳುವುದಿಲ್ಲ. ಲೆಕ್ಕ ಬರೆಯುವವರಂತೂ 'ಹಾಕಿ ಬಿಸಾಡಿ ಸಾರ್' ಅಂದರು. ಹಾಕಿದರೆ ಮುಂದಿನ ಫೆಬ್ರುವರಿಗೆ ಇದೇ ಗುಂಡಿಗೆ ಮತ್ತೆ ಬೀಳಬೇಕು, ಆಗ ಆನೆಯೂ ಕೈ ಹಿಡಿಯುವುದಿಲ್ಲ. ಹಾಗಾಗಿ ಮೂರೂ ಸಂಖ್ಯೆ ಕೊಟ್ಟೆ. ಗುರಿಯ ಎದುರಿಗೆ ಕಾರ್ಡಿನ ಲೆಕ್ಕ 126. ನಲ್ಲಿ ಇರುವ ಒಲೆಗಳು 137. ಫೆಬ್ರುವರಿಯಲ್ಲಿ ಆ ನಲ್ಲಿ ತಿರುಗಿಸಿದ ಒಲೆಗಳು 121. ಎರಡನೇ ತ್ರೈಮಾಸಿಕಕ್ಕೂ ಒಲೆಯ ಲೆಕ್ಕ ಹಿಂದಕ್ಕೆ ಹಾಕಿ 129 ಮಾಡಿದೆ. ಸೂಚಕದ ವಿವರ ಹಾಳೆಯಲ್ಲಿ ಯಾರು ಎಣಿಸುತ್ತಾರೆ, ಯಾವ ತಿಂಗಳು, ಯಾವ ಪುಸ್ತಕದಿಂದ ಅಂತ ಮೂರು ಸಾಲು. ಎಣಿಕೆ ಇನ್ನು ವರ್ಷಕ್ಕೆ ಎರಡು ಸಲ: ಕೊಯ್ಲಿಗೆ ಮುಂಚೆ ಒಮ್ಮೆ, ಕೊಯ್ಲಿನ ನಡುವೆ ಒಮ್ಮೆ.

ಪೋರ್ಟಲ್ಲಿನಲ್ಲಿ ಕಾರಣ ಬರೆಯುವ ಪೆಟ್ಟಿಗೆಗೆ 500 ಅಕ್ಷರದ ಮಿತಿ. 'ಫಲಾನುಭವಿಯ ಮಾತು' ಅನ್ನುವ ಪೆಟ್ಟಿಗೆಗೂ ಅಷ್ಟೇ, ಅಲ್ಲಿ ಕನ್ನಡ ಹಾಕಬಹುದು. ಆದರೆ ಅದು ಎಣಿಸುವುದು ಯೂನಿಕೋಡಿನ ಚೂರುಗಳನ್ನು. ನಾವು ಮೂರಕ್ಷರ ಅಂದುಕೊಳ್ಳುವ 'ಸ್ತ್ರೀಶಕ್ತಿ' ಅದಕ್ಕೆ ಹನ್ನೊಂದು. ಪಾಪ, ಅದೂ ಒಲೆ ಬಿಟ್ಟು ಕಾರ್ಡು ಎಣಿಸುವ ಜಾತಿ.

ಈಗಿನ ಸ್ಥಿತಿ: ಮೂರನೇ ತ್ರೈಮಾಸಿಕದ ಬೀಗ ತೆಗೆಯಲು ಮೇಡಂ ಅವರ ಮೇಲಿನವರ ಒಪ್ಪಿಗೆ ಬೇಕಿತ್ತು, ನಿನ್ನೆ ಸಿಕ್ಕಿತು. 137 ಅಳಿಸಿ 126 ಹಾಕಿದೆ, ಕೆಂಪು ಹೋಯಿತು. ಆನೆಗಳ ಪ್ಯಾರಾ ವಾಪಸು ಪಡೆದು ಕ್ಷಮೆ ಕೇಳಿ ಬರೆದೆ. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಲೈನ್‌ಮನೆಯಲ್ಲಿ ಆ ಹದಿನಾರು ಕುಟುಂಬಕ್ಕೆ ನೀರು ಎಲ್ಲಿಂದ ಬರುತ್ತದೆ ಅಂತ ಮಾತ್ರ ಕೇಳಿದ್ದಾರೆ. ಅದು ನಮಗೇ ಹೊಳೆಯಬೇಕಿದ್ದ ಪ್ರಶ್ನೆ. ಹುಡುಗಿ ಈ ವಾರ ವಿಚಾರಿಸಿಕೊಂಡು ಬರುತ್ತಾಳೆ.

ಉಳಿದದ್ದು 1,800 ರೂಪಾಯಿಯ ಜೀಪು. ಆಡಿಟರ್ ವೋಚರ್ ವಾಪಸು ಕಳಿಸಿದ್ದರು, ಪ್ರಯಾಣದ ಉದ್ದೇಶದ ಕಡೆ ಖಾಲಿ ಇದೆ ಅಂತ. 'ಲೈನ್ ಪರಿಶೀಲನೆ' ಅಂತ ತುಂಬಿಸಿ ಕೊಟ್ಟಿದ್ದೇನೆ.