ನೇರಳೆ ಎಲೆ, ಸಕ್ಕರೆ, ಗ್ಲಿಸರಿನ್: ಕೋಶಪೊರೆ ಪ್ರಯೋಗ ಎಲ್ಲಿಗೆ ಬಂತು

ಎಲೆಯ ಸಿಪ್ಪೆ ಇಟ್ಟು ಮನೆಯಲ್ಲಿ ಮಾಡುತ್ತಿರುವ ಕೋಶಪೊರೆ ಪ್ರಯೋಗದಲ್ಲಿ ಉಪ್ಪುನೀರಿನ ಹಂತ ಮುಗಿಯಿತು. ಉಪ್ಪುನೀರು ಹಾಕಿದರೆ ಕೋಶದಿಂದ ನೀರು ಹೊರಗೆ ಬರುತ್ತದೆ, ಒಳಗಿನ ಭಾಗ ಕುಗ್ಗುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಈಗ ನಾನು ನೋಡಬೇಕೆಂದು ಹೊರಟಿದ್ದು ಅದರ ಮುಂದಿನದು. ಗೋಡೆಯ ಒಳಬದಿಯಲ್ಲಿ ಕೋಶವನ್ನು ಸುತ್ತಿಕೊಂಡಿರುವ, ನೀರನ್ನು ಸಲೀಸಾಗಿ ಬಿಡುವ ತೆಳು ಪೊರೆ ಬೇರೆ ಯಾವುದನ್ನು ಬಿಡುತ್ತದೆ, ಯಾವುದನ್ನು ತಡೆಯುತ್ತದೆ? ಮನೆಯ ಮೈಕ್ರೋಸ್ಕೋಪಿನಲ್ಲಿ ಅದು ಕಾಣುತ್ತದಾ?

ಗಿಡ ಉಪ್ಪುನೀರಿಗೆ ಬಳಸಿದ್ದ ರಿಯೋವೇ. ಎಲೆಯ ಮೇಲೆ ಹಸಿರು, ಕೆಳಗೆ ಕಡು ನೇರಳೆ. ಪಾರ್ಕಿನ ಅಂಚಲ್ಲಿ, ಮನೆ ಮುಂದಿನ ಕುಂಡಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಪಿಯುಸಿಯಲ್ಲಿ ಬಯಾಲಜಿ ಓದಿದವರು ಲ್ಯಾಬಲ್ಲಿ ಇದರ ಸಿಪ್ಪೆ ಸುಲಿದಿರುತ್ತಾರೆ. ನೇರಳೆ ಬಣ್ಣ ಇರುವುದು ಕೋಶದೊಳಗಿನ ರಸದಾನಿಯಲ್ಲಿ, ಅಂದರೆ ರಸ ತುಂಬಿದ ಚೀಲದಲ್ಲಿ. ಹಾಗಾಗಿ ಕುಗ್ಗಿದ್ದು, ಹಿಗ್ಗಿದ್ದು ಬಣ್ಣದಿಂದಲೇ ತಿಳಿಯುತ್ತದೆ. ಎಲೆಯನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ತೆಳ್ಳನೆಯ ನೇರಳೆ ಪದರ ಉಳಿಯುತ್ತದೆ, ನಮಗೆ ಬೇಕಾದದ್ದು ಅದು.

1880ರ ದಶಕದಲ್ಲಿ ಡಚ್ ವಿಜ್ಞಾನಿ ಹ್ಯೂಗೋ ಡಿ ವ್ರೀಸ್ ಕೂಡ ಇದೇ ಗಿಡದ ಸಿಪ್ಪೆ ಇಟ್ಟುಕೊಂಡು ಬೇರೆ ಬೇರೆ ದ್ರಾವಣಗಳನ್ನು ಹೋಲಿಸಿ ನೋಡಿದ್ದರು. ನಮ್ಮ ಕುಂಡದ ಗಿಡಕ್ಕೆ ಇಂಥ ಹಿನ್ನೆಲೆ ಇದೆ ಎಂದು ತಿಳಿದಾಗ ನನಗೆ ಬಹಳ ಖುಷಿಯಾಯಿತು.

ಎರಡು ದ್ರಾವಣ ಮಾಡಿಕೊಂಡೆ. ಒಂದರಲ್ಲಿ 17 ಗ್ರಾಂ ಸಕ್ಕರೆ, ಇನ್ನೊಂದರಲ್ಲಿ ಮೆಡಿಕಲ್ ಶಾಪಿನ ಗ್ಲಿಸರಿನ್ 4.6 ಗ್ರಾಂ. ಎರಡಕ್ಕೂ ನೀರು ಸೇರಿಸಿ 100 ಮಿ.ಲೀ. ಮಾಡಿದೆ. ತೂಕದಲ್ಲಿ ಇಷ್ಟು ವ್ಯತ್ಯಾಸ ಯಾಕೆಂದರೆ ಸಕ್ಕರೆಯ ಅಣುತೂಕ 342, ಗ್ಲಿಸರಿನ್‌ದು 92. ಈ ಲೆಕ್ಕದಲ್ಲಿ ಎರಡರಲ್ಲೂ ಅಣುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ನೀರನ್ನು ಎಳೆಯುವ ಶಕ್ತಿ ನಿಂತಿರುವುದು ಆ ಸಂಖ್ಯೆಯ ಮೇಲೆ, ತೂಕದ ಮೇಲಲ್ಲ.

ಶುರುವಿನಲ್ಲಿ ಎರಡೂ ಸ್ಲೈಡು ಒಂದೇ ಥರ ಇದ್ದವು. ಕೋಶದ ಗೋಡೆ ಇದ್ದಲ್ಲೇ ಇದೆ. ಒಳಗಿನ ನೇರಳೆ ಮಾತ್ರ ಮೂಲೆಗಳಿಂದ ಬಿಟ್ಟುಕೊಂಡು, ಆಮೇಲೆ ಬದಿಗಳಿಂದಲೂ ಸರಿದು, ನಡುವೆ ದುಂಡಗಾಯಿತು. ನೀರು ಕಮ್ಮಿಯಾದ ಹಾಗೆ ಬಣ್ಣ ಗಾಢವಾಯಿತು.

ಆಮೇಲೆ ಕಾಯಬೇಕು. ಸಿಪ್ಪೆಯ ಮೇಲೆ ಮುಚ್ಚುವ ತೆಳು ಗಾಜಿನ, ಅಂದರೆ ಕವರ್‌ಸ್ಲಿಪ್ಪಿನ ಸುತ್ತ ವ್ಯಾಸಲೀನ್ ಸವರುವುದು ಇಲ್ಲಿ ತುಂಬ ಮುಖ್ಯ. ಇಲ್ಲದಿದ್ದರೆ ನೀರು ಆವಿಯಾಗಿ ದ್ರಾವಣ ಗಟ್ಟಿಯಾಗುತ್ತದೆ, ಆಗ ಏನು ಕಂಡರೂ ನಂಬುವ ಹಾಗಿಲ್ಲ.

ಬೆಳಿಗ್ಗೆ ಇಟ್ಟ ಸ್ಲೈಡನ್ನು ಸಂಜೆ ನೋಡಿದರೆ ಸಕ್ಕರೆಯಲ್ಲಿದ್ದ ಕೋಶಗಳು ಹಾಗೇ ದುಂಡಗೆ ಕೂತಿದ್ದವು. ಗ್ಲಿಸರಿನ್‌ನಲ್ಲಿದ್ದ ಎಷ್ಟೋ ಕೋಶಗಳಲ್ಲಿ ನೇರಳೆ ಮತ್ತೆ ಹರಡಿ ಗೋಡೆಯ ಹತ್ತಿರ ಬಂದಿತ್ತು! ನಾನು ನೀರು ಬದಲಿಸಿರಲಿಲ್ಲ, ಏನೂ ಸೇರಿಸಿರಲಿಲ್ಲ. ಗ್ಲಿಸರಿನ್ ನಿಧಾನವಾಗಿ ಪೊರೆ ದಾಟಿ ಒಳಗೆ ಹೋಗಿದೆ, ಅದರ ಹಿಂದೆಯೇ ನೀರೂ ಹೋಗಿದೆ. ಸಕ್ಕರೆಯ ಅಣು ದೊಡ್ಡದು. ಪೊರೆಯ ಕೊಬ್ಬಿನ ಪದರದಲ್ಲಿ ಅದು ಸುಮ್ನೆ ನುಗ್ಗಲಾರದು, ದಾಟಿಸಲು ಅದಕ್ಕೆಂದೇ ಇರುವ ಪ್ರೋಟೀನು ಬೇಕು. ನೀರಿಗೂ ಅಂಥ ಪ್ರೋಟೀನು ದಾರಿಗಳಿವೆ, ಅವೇ ಅಕ್ವಾಪೋರಿನ್‌ಗಳು. ಅವನ್ನು ಕಂಡುಹಿಡಿದಿದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಕುಗ್ಗುವುದು ನಿಮಿಷಗಳಲ್ಲಿ, ಮತ್ತೆ ಹಿಗ್ಗುವುದು ಗಂಟೆಗಳಲ್ಲಿ. ನೀರಿಗೂ ಗ್ಲಿಸರಿನ್‌ಗೂ ವೇಗದಲ್ಲಿ ಇರುವ ಅಂತರ ಅದರಲ್ಲೇ ಕಾಣುತ್ತದೆ, ಅಲ್ವಾ?

ಇನ್ನೊಂದು ಸಿಪ್ಪೆಯನ್ನು ಕುದಿನೀರಿನಲ್ಲಿ ಅದ್ದಿ ತೆಗೆದೆ. ನೇರಳೆ ಪೂರ್ತಿ ನೀರಿಗೆ ಬಿಟ್ಟುಕೊಂಡಿತು. ಆಮೇಲೆ ಸಕ್ಕರೆ ಹಾಕಲಿ, ಉಪ್ಪು ಹಾಕಲಿ, ಗೋಡೆಯಿಂದ ಬಿಟ್ಟುಕೊಂಡು ದುಂಡಗಾಗುವಂಥದ್ದು ಏನೂ ಕಾಣಲಿಲ್ಲ. ಇದನ್ನು ಯಾರೂ ಬಿಡಬೇಡಿ. ಸತ್ತ ಕೋಶದ ಪಕ್ಕದಲ್ಲಿಟ್ಟು ನೋಡಿದಾಗಲೇ ಜೀವಂತ ಪೊರೆಯ ಕೆಲಸ ಏನೆಂದು ಸ್ಪಷ್ಟವಾಗುವುದು.

ಮುಂದಿನದು ಯೂರಿಯಾ. ಅಣುತೂಕ 60, ಅಂದರೆ 100 ಮಿ.ಲೀ.ಗೆ 3 ಗ್ರಾಂ ಸಾಕು. ಗ್ಲಿಸರಿನ್‌ಗಿಂತ ಚಿಕ್ಕದು, ಆದರೆ ಬೇಗ ಒಳಗೆ ಹೋಗುತ್ತದೆ ಎಂದು ಈಗಲೇ ಹೇಳಲಾಗದು. ಕೆಲವು ಗಿಡಗಳ ಕೋಶ ಯೂರಿಯಾವನ್ನು ಬೇಗ ಬಿಟ್ಟುಕೊಳ್ಳುತ್ತದೆ, ಇನ್ನು ಕೆಲವು ಗ್ಲಿಸರಿನ್ ಅನ್ನು. ರಿಯೋ ಜೊತೆಗೆ ಕೆಂಪು ಈರುಳ್ಳಿಯ ಸಿಪ್ಪೆಯನ್ನೂ ಇಟ್ಟು, ಅರ್ಧ ಗಂಟೆಗೊಮ್ಮೆ ಫೋನಿನಲ್ಲಿ ಫೋಟೋ ತೆಗೆಯುತ್ತೇನೆ. ಆಗ ಎರಡೂ ಗಿಡಗಳ ವೇಗವನ್ನು ಪಕ್ಕಪಕ್ಕ ಇಟ್ಟು ಅಳೆಯಬಹುದು.