ಮೀನು, ಮೊಸಳೆ, ಕಪ್ಪೆ, ಕೊನೆಗೊಂದು ನಾಯಿ: ನಮ್ಮ ನಾಲ್ಕು ದಿನದ ಸುತ್ತು

ನನ್ನ ಮಗನಿಗೆ ಹತ್ತು ವರ್ಷ. ಬನ್ನೇರುಘಟ್ಟ ಎರಡು ಸಲ, ಮೈಸೂರು ಝೂ ಮೂರು ಸಲ ಆಗಿದೆ. ಈ ಸಲ ಎಲ್ಲಿಗೆ ಹೋಗೋಣ ಅಂತ ಕೇಳಿದರೆ, "ಬೋನಿನಲ್ಲಿ ಇಲ್ಲದಿರೋ ಪ್ರಾಣಿ ತೋರಿಸು" ಅಂದ. ಸಫಾರಿಯ ಖರ್ಚು ನೋಡಿ ನಾನು ಬೇರೆ ಲೆಕ್ಕ ಹಾಕಿದೆ. ಪ್ರಾಣಿಗಳ ಕಥೆ ಯಾವ ಊರಲ್ಲಿಲ್ಲ ಹೇಳಿ? ಆದರೆ ಪ್ರಾಣಿ ಸತ್ತಾಗ ಕಲ್ಲು ನೆಟ್ಟ ಊರು, ಸಾಲಾಗಿ ನಿಂತು ಅಂತಿಮ ದರ್ಶನ ಮಾಡಿದ ಊರು ಎಷ್ಟಿವೆ? ಹುಡುಕುತ್ತಾ ಹೋದರೆ ಒಂದೇ ಸುತ್ತಿಗೆ ಹೊಂದುವಂಥವು ಸಿಕ್ಕವು. ಅವನ್ನೇ ಹಿಡಿದು ಹೊರಟೆವು. ನಾನು, ನಮ್ಮೆಜಮಾನರು, ಮಗ, ಜೊತೆಗೆ ಮಂಡಿನೋವಿನ ಅತ್ತೆ.

ದಾರಿ ಹೀಗಿತ್ತು. ಶುಕ್ರವಾರ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ರಾತ್ರಿಗೆ ಧರ್ಮಸ್ಥಳ. ಶನಿವಾರ ಬೆಳಿಗ್ಗೆ ಶಿಶಿಲ, ಅಲ್ಲಿಂದ ಕಾಸರಗೋಡಿನ ಕಡೆಯ ಕುಂಬಳೆ. ಭಾನುವಾರ ಬೆಳಿಗ್ಗೆ ಅಲ್ಲೇ ಹತ್ತಿರದ ಅನಂತಪುರದ ಕೆರೆ ದೇವಸ್ಥಾನ ನೋಡಿ ಸಂಜೆಗೆ ಶೃಂಗೇರಿ. ಸೋಮವಾರ ವಾಪಸ್. ಹೋಗಿದ್ದು ಡಿಸೆಂಬರ್ ಮೊದಲ ವಾರ. ನೀವೂ ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ಮಳೆಗಾಲದಲ್ಲಿ ಶಿಶಿಲದ ಹೊಳೆ ಕೆಂಪಗೆ, ಜೋರಾಗಿ ಹರಿಯುತ್ತದೆ. ಮೀನು ಕಾಣುವುದಿರಲಿ, ದಡಕ್ಕೆ ಇಳಿಯುವುದೇ ಅಪಾಯ. ಮೇಲಿಂದ ಜಿಗಣೆ ಬೇರೆ.

ಶಿಶಿಲ ಇರುವುದು ಬೆಳ್ತಂಗಡಿ ತಾಲ್ಲೂಕಿನಲ್ಲಿ, ಘಟ್ಟದ ಬುಡದಲ್ಲಿ. ಕೊಕ್ಕಡ, ಅರಸಿನಮಕ್ಕಿ ದಾಟಿ ಹೋಗಬೇಕು. ಬೆಂಗಳೂರಿನಿಂದ ನೇರ ಬರುವವರು ಧರ್ಮಸ್ಥಳಕ್ಕೆ ಹೋಗಲೇಬೇಕೆಂದಿಲ್ಲ, ನೆಲ್ಯಾಡಿ ಹತ್ತಿರದ ಪೆರಿಯಶಾಂತಿಯಲ್ಲಿ ಕೊಕ್ಕಡದ ಕಡೆ ತಿರುಗಿದರೆ ಸಾಕು. ಕೊಕ್ಕಡದ ನಂತರ ರಸ್ತೆ ಸಣ್ಣದು, ತಿರುವು ಜಾಸ್ತಿ, ಮೊಬೈಲ್ ಸಿಗ್ನಲ್ ನಂಬಬೇಡಿ. ಕಾಫಿ ತಿಂಡಿ ಮೊದಲೇ ಮುಗಿಸಿಕೊಳ್ಳಿ. ನಾವು ಮುಗಿಸಿರಲಿಲ್ಲ, ಅತ್ತೆಗೆ ಕಾಫಿ ಇಲ್ಲದ ಸಿಟ್ಟು ದೇವಸ್ಥಾನದ ಬಾಗಿಲಿನವರೆಗೂ ಇತ್ತು.

ಅಲ್ಲಿ ಕಪಿಲಾ ಹೊಳೆಯ ದಡದಲ್ಲಿ ಶಿಶಿಲೇಶ್ವರನ ಗುಡಿ. ಹೊಳೆಯ ಮೀನು ದೇವರ ಮೀನು, ಯಾರೂ ಹಿಡಿಯುವಂತಿಲ್ಲ. ಈ ಜಾಗಕ್ಕೆ ಮತ್ಸ್ಯತೀರ್ಥ ಅಂತಲೇ ಹೆಸರು. ಮಹಶೀರ್ ಜಾತಿಯ ದೊಡ್ಡ ಮೀನುಗಳು. ಮೇಲಿನಿಂದ ನೋಡಿದರೆ ಮೊದಲು ಏನೂ ಇಲ್ಲ ಅನ್ನಿಸುತ್ತದೆ, ಬಂಡೆಯ ನೆರಳು ಅಷ್ಟೇ. ಮಗ ಒಂದು ಹಿಡಿ ಮಂಡಕ್ಕಿ ಎಸೆದ. ಆ ನೆರಳೇ ಎದ್ದು ಬಂತು. ಕಪ್ಪು ಬೆನ್ನುಗಳು ಒಂದರ ಮೇಲೊಂದು ಹತ್ತಿ, ಬಾಯಿ ನೀರಿನಿಂದ ಮೇಲಕ್ಕೆ ತೆಗೆದು, ಚಪ್ ಚಪ್ ಅಂತ ಮಂಡಕ್ಕಿ ಹೀರಿಕೊಂಡವು. ಬಿಸಿಲು ಬಿದ್ದ ಕಡೆ ಹುರುಪೆ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ಇವನು ಅಂಗೈಯಲ್ಲಿ ನಾಲ್ಕು ಕಾಳು ಇಟ್ಟು ಕೈಯನ್ನು ನೀರಿನ ಮಟ್ಟಕ್ಕೆ ಹಿಡಿದ. ದಪ್ಪ ತುಟಿಯ ಒಂದು ಮೀನು ಬಂದು ಬೆರಳನ್ನೂ ಸೇರಿಸಿ ಚೀಪಿತು. ಕಿರುಚಿಕೊಂಡು ಹಿಂದೆ ಬಂದ.

"ಕಚ್ಚುತ್ತಾ ಅಮ್ಮಾ?"

ಕಚ್ಚುವುದಿಲ್ಲ. ಈ ಜಾತಿಗೆ ದವಡೆಯಲ್ಲಿ ಹಲ್ಲೇ ಇಲ್ಲ, ಇರುವ ಹಲ್ಲು ಗಂಟಲಿನ ಒಳಗೆ. ಇದನ್ನು ಹೇಳಿದ ಮೇಲೆ ಅವನಿಗೆ ಧೈರ್ಯ ಬಂತೋ ಹೆದರಿಕೆ ಜಾಸ್ತಿ ಆಯಿತೋ ಗೊತ್ತಾಗಲಿಲ್ಲ.

ಈ ಜಾಗದ ಇನ್ನೊಂದು ಕಥೆ ಪುರಾಣದ್ದಲ್ಲ, ತೀರಾ ಈಚಿನದು. 1996ರಲ್ಲಿ ಈ ಹೊಳೆಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಸತ್ತ ಮೀನುಗಳ ನೆನಪಿಗೆ ಇಲ್ಲಿ ಸ್ಮಾರಕವಿದೆ. ಬರುವವರಲ್ಲಿ ಹೆಚ್ಚಿನವರು ಮಂಡಕ್ಕಿ ಹಾಕಿ, ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ, ಸ್ಮಾರಕ ಎಲ್ಲಿ ಅಂತ ಕೇಳಿ ನೋಡಿ ಬನ್ನಿ. ಈಗ ಕಾಣುವ ಹಿಂಡು ಅದರ ನಂತರ ಮತ್ತೆ ತುಂಬಿಕೊಂಡದ್ದು ಅಂತ ಗೊತ್ತಾದ ಮೇಲೆ ನೀರನ್ನು ನೋಡುವ ರೀತಿಯೇ ಬೇರೆ ಆಗುತ್ತದೆ.

ಮಂಡಕ್ಕಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಬಿಸ್ಕತ್ತು, ಚಿಪ್ಸು ಬೇಡ. ಖಾಲಿ ಪ್ಲಾಸ್ಟಿಕ್ ಕವರು ನಿಮ್ಮ ಜೇಬಿಗೆ. ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಚಪ್ಪಲಿ ಬಿಟ್ಟು ಇಳಿಯುವಾಗ ವಯಸ್ಸಾದವರ ಕೈ ಹಿಡಿದುಕೊಳ್ಳಿ. ನಾನು ಅತ್ತೆಯ ಕೈ ಹಿಡಿದು ಹುಷಾರಾಗಿ ಇಳಿಸಿ, ಆಮೇಲೆ ಒಬ್ಬಳೇ ಜಾರಿದೆ. ಪೆಟ್ಟಾಗಲಿಲ್ಲ, ಫೋನು ಮಾತ್ರ ಮುಳುಗಿ ಸತ್ತಿತು. ಅದಕ್ಕೆ ಸ್ಮಾರಕ ಕಟ್ಟೋಣವಾ ಅಂತ ಮಗ ಕೇಳಿದ.

ಶಿಶಿಲದಿಂದ ಕುಂಬಳೆಗೆ ಮಂಗಳೂರಿನ ಮೇಲೆ ಹೋಗಬಹುದು. ನಾವು ಉಪ್ಪಿನಂಗಡಿ, ಪುತ್ತೂರು, ವಿಟ್ಲ, ಅಡ್ಯನಡ್ಕ, ಪೆರ್ಲ, ಬದಿಯಡ್ಕ ದಾರಿ ಹಿಡಿದೆವು. ಅಡಿಕೆ ತೋಟದ ನಡುವೆ ಹೋಗುವ ರಸ್ತೆ, ನೋಡಲು ಚಂದ, ವೇಗ ಇಲ್ಲ. ಮ್ಯಾಪ್ ಹೇಳಿದ ಸಮಯಕ್ಕೆ ಒಂದು ಗಂಟೆ ಸೇರಿಸಿಕೊಳ್ಳಿ. ಪೆಟ್ರೋಲನ್ನು ವಿಟ್ಲದಲ್ಲೇ ತುಂಬಿಸಿ, ಗಡಿ ದಾಟಿದರೆ ದರ ಹೆಚ್ಚು. ಭಾಷೆಯ ಚಿಂತೆ ಬೇಡ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು ನಿಜ, ಆದರೆ ಈ ಭಾಗದಲ್ಲಿ ಕನ್ನಡದಲ್ಲೇ ದಾರಿ ಕೇಳಬಹುದು, ಕನ್ನಡದಲ್ಲೇ ಚೌಕಾಸಿ ಮಾಡಬಹುದು.

ಇಲ್ಲಿ ನಾವು ಮಾಡಿದ ತಪ್ಪು: ಶನಿವಾರವೇ ಅನಂತಪುರ ಮುಗಿಸೋಣ ಅಂತ ಹೋಗಿದ್ದು. ತಲುಪುವಾಗ ಮಧ್ಯಾಹ್ನ ಒಂದೂವರೆ. ಮಧ್ಯಾಹ್ನದ ಪೂಜೆ ಆದ ಮೇಲೆ ಬಾಗಿಲು ಹಾಕಿಬಿಡುತ್ತಾರೆ, ಮತ್ತೆ ತೆಗೆಯುವುದು ಸಂಜೆ. ರೂಮಿಗೆ ಹೋಗೋಣ ಅಂದರೆ, ಆನ್‌ಲೈನಿನಲ್ಲಿ ದುಡ್ಡು ಕಟ್ಟಿದ್ದ ಲಾಡ್ಜಿನವರು "ನಿಮ್ಮ ಹೆಸರೇ ಬಂದಿಲ್ಲ" ಅಂದರು. ಎರಡು ಗಂಟೆ ಜಗಳ. ಹೊರಡುವ ಮೊದಲು ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ, ಅಷ್ಟೇ ಹೇಳ್ತೀನಿ.

ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿದ್ದೆವು. ಕುಂಬಳೆಯಿಂದ ಬದಿಯಡ್ಕ ರಸ್ತೆಯಲ್ಲಿ ಸ್ವಲ್ಪ ಹೋದರೆ ನಾಯ್ಕಾಪು, ಅಲ್ಲಿಂದ ಒಳಗೆ ತಿರುಗಬೇಕು. ಮೇಲೆಲ್ಲ ಬೋಳು ಪದವು, ಅಂದರೆ ಗುಡ್ಡದ ಮೇಲಿನ ಬಯಲು, ಮುರಕಲ್ಲಿನ (ಕೆಂಪು ಕಲ್ಲಿನ) ಹಾಸು. ಇಂಥಲ್ಲಿ ಕೆರೆ ಎಲ್ಲಿಂದ ಬರಬೇಕು ಅಂತ ಅಂದುಕೊಳ್ಳುವಾಗಲೇ ಕೆಳಗೆ ತಗ್ಗಿನಲ್ಲಿ ಹಸಿರು ನೀರು, ನಟ್ಟನಡುವೆ ಗರ್ಭಗುಡಿ, ಅದಕ್ಕೆ ಹೋಗಲು ಒಂದು ಪುಟ್ಟ ಸೇತುವೆ. ಕೇರಳದಲ್ಲಿ ಕೆರೆಯ ನಡುವೆ ಇರುವ ದೇವಸ್ಥಾನ ಇದೊಂದೇ ಅನ್ನುತ್ತಾರೆ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದು ಅನ್ನುವುದು ನಂಬಿಕೆ. ವಿಲ್ವಮಂಗಲ ಸ್ವಾಮಿಗೆ ಸೇವೆ ಮಾಡುತ್ತಿದ್ದ ಹುಡುಗನೊಬ್ಬ ಪೂಜೆಯ ಹೊತ್ತಿನಲ್ಲಿ ತಂಟೆ ಮಾಡಿದನಂತೆ. ಸ್ವಾಮಿ ಕೈಯಿಂದ ತಳ್ಳಿದರು. "ನನ್ನನ್ನು ನೋಡಬೇಕಾದರೆ ಅನಂತನಕಾಡಿಗೆ ಬಾ" ಅಂತ ಹೇಳಿ ಹುಡುಗ ಮಾಯವಾದ. ಆ ಕಾಡೇ ಈಗಿನ ತಿರುವನಂತಪುರವಂತೆ. ಅವನು ಹೋದ ಗುಹೆ ಕೆರೆಯ ಮೂಲೆಯಲ್ಲಿದೆ. ಆ ಗುಹೆಯನ್ನು ಕಾಯುವುದೇ ಮೊಸಳೆಯ ಕೆಲಸ.

ಬಬಿಯಾ ಹೆಸರು ನೀವು ಕೇಳಿರುತ್ತೀರಿ. ಎಪ್ಪತ್ತು ವರ್ಷಕ್ಕೂ ಮೇಲೆ ಈ ಕೆರೆಯಲ್ಲಿತ್ತು ಅನ್ನುವ ಮೊಸಳೆ. ಅದಕ್ಕೂ ಮೊದಲು ಇದ್ದದ್ದನ್ನು 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಗುಂಡು ಹೊಡೆದು ಕೊಂದ, ಕೆಲವೇ ದಿನದಲ್ಲಿ ಅವನು ಹಾವು ಕಚ್ಚಿ ಸತ್ತ, ಆಮೇಲೆ ಬಬಿಯಾ ಕಾಣಿಸಿಕೊಂಡಿತು ಅಂತ ಊರಿನವರ ಕಥೆ. ಪೂಜೆ ಆದ ಮೇಲೆ ನೈವೇದ್ಯದ ಅನ್ನ ಅದಕ್ಕೆ. ಯಾರಿಗೂ ತೊಂದರೆ ಮಾಡಿದ್ದಿಲ್ಲ. 2020ರ ಅಕ್ಟೋಬರಿನಲ್ಲಿ ಗರ್ಭಗುಡಿಯ ಹತ್ತಿರ ಬಂದು ಮಲಗಿದ್ದ ಫೋಟೋ ಎಲ್ಲರ ಮೊಬೈಲಿಗೂ ಬಂದಿತ್ತು. 2022ರ ಅಕ್ಟೋಬರ್ 9ರ ರಾತ್ರಿ ಸತ್ತಿತು. ಮರುದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು, ಜನ ಸಾಲಾಗಿ ಬಂದು ದರ್ಶನ ಮಾಡಿದರು, ದೇವಸ್ಥಾನದ ಜಾಗದಲ್ಲೇ ಮಣ್ಣು ಮಾಡಿದರು. ಒಂದು ವರ್ಷ ಕೆರೆ ಖಾಲಿ. 2023ರ ನವೆಂಬರಿನಲ್ಲಿ ಭಕ್ತರ ಕಣ್ಣಿಗೆ ಮತ್ತೊಂದು ಮೊಸಳೆ ಬಿತ್ತು!

ಸಸ್ಯಾಹಾರಿ ಮೊಸಳೆ ಅನ್ನುವ ಮಾತನ್ನು ನಾನು ಪೂರ್ತಿ ನಂಬುವವಳಲ್ಲ. ಕೆರೆಯಲ್ಲಿ ಮೀನಿದೆ, ರಾತ್ರಿ ಅದೇನು ತಿನ್ನುತ್ತಿತ್ತು ಅಂತ ಯಾರು ಕೂತು ನೋಡಿದ್ದಾರೆ? ಹೊಸದು ಎಲ್ಲಿಂದ ಬಂತು ಅನ್ನುವುದಕ್ಕೂ ಒಂದು ಸಾದಾ ಉತ್ತರ ಸಾಧ್ಯ. ಇದು ಮಗ್ಗರ್ ಜಾತಿ. ನೀರು ಹುಡುಕಿಕೊಂಡು ನೆಲದ ಮೇಲೆ ದೂರ ನಡೆಯುತ್ತದೆ, ದಡದಲ್ಲಿ ಬಿಲ ತೋಡಿ ಅಡಗಿಕೊಳ್ಳುತ್ತದೆ. ಆದರೆ ಇಷ್ಟೆಲ್ಲ ತಿಳಿದುಕೊಂಡು ಕಟ್ಟೆಯ ಮೇಲೆ ನಿಂತಾಗ ನಾನೂ ಸುಮ್ನೆ ಗುಹೆಯ ಕಡೆಗೇ ನೋಡುತ್ತಿದ್ದೆ.

ಅರ್ಧ ಗಂಟೆ ಆಯಿತು. ನೀರಿನ ಮೇಲೆ ಎಲೆ ತೇಲಿತು, ಮಗ ಮೂರು ಸಲ "ಅಗೋ" ಅಂದ. ಬಟ್ಟಲು ಹಿಡಿದು ಹೋಗುತ್ತಿದ್ದ ಹಿರಿಯರೊಬ್ಬರು ನಿಂತರು.

"ಮೊಸಳೆ ನೋಡ್ಲಿಕ್ಕೆ ಬಂದದ್ದಾ?"

"ಹೌದು. ಯಾವಾಗ ಬರುತ್ತೆ?"

"ಅದಕ್ಕೆ ಟೈಮ್ ಟೇಬಲ್ ಉಂಟಾ ಮಗಾ? ದೇವರು ಅಲ್ಲೇ ಇದ್ದಾರೆ, ಮೊದಲು ಅವರನ್ನು ನೋಡಿ ಬಾ."

ನೋಡಿ ಬಂದೆವು. ಇಲ್ಲಿ ಅನಂತಪದ್ಮನಾಭ ಮಲಗಿಲ್ಲ, ಹೆಡೆಯ ಕೆಳಗೆ ಕೂತಿದ್ದಾನೆ. ಗಂಡಸರು ಒಂದು ಪಂಚೆ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು, ನಮ್ಮೆಜಮಾನರು ಬರ್ಮುಡಾದಲ್ಲಿ ಹೊರಟಿದ್ದನ್ನು ಅತ್ತೆಯೇ ತಡೆದರು. ಮೊಸಳೆ ಕೊನೆಗೂ ಕಾಣಲಿಲ್ಲ. ಆದ್ದರಿಂದ ಮಕ್ಕಳಿಗೆ "ಮೊಸಳೆ ತೋರಿಸ್ತೀನಿ" ಅಂತ ಮಾತು ಕೊಟ್ಟು ಕರೆದುಕೊಂಡು ಹೋಗಬೇಡಿ. ಕಂಡರೂ ಕಲ್ಲೆಸೆಯುವುದು, ನೀರಿಗಿಳಿಯುವುದು, ತಿಂಡಿ ಹಾಕುವುದು ಬೇಡವೇ ಬೇಡ. ಬಬಿಯಾ ಸಾಧುವಾಗಿತ್ತು ಅಂದ ಮಾತ್ರಕ್ಕೆ ಹೊಸದೂ ಸಾಧು ಅಂತ ಲೆಕ್ಕವಲ್ಲ. ಸಮಯವಿದ್ದರೆ ಹತ್ತಿರದ ಮಧೂರಿಗೂ ಹೋಗಿ, ಅಲ್ಲಿನ ಗಣಪತಿಯ ಅಪ್ಪ ಪ್ರಸಾದ ತಿನ್ನದೆ ಬರಬೇಡಿ.

ಶೃಂಗೇರಿಗೆ ಮಂಗಳೂರು, ಕಾರ್ಕಳ, ಬಜಗೋಳಿ, ಎಸ್.ಕೆ. ಬಾರ್ಡರ್ (ಸೌತ್ ಕೆನರಾ ಗಡಿ) ದಾರಿ. ಕಾಡಿನ ರಸ್ತೆ, ಕತ್ತಲಾಗುವ ಮೊದಲು ದಾಟಿಬಿಡಿ. ಶೃಂಗೇರಿಯ ಬಗ್ಗೆ ನಾನು ಹೊಸದಾಗಿ ಹೇಳುವುದೇನಿಲ್ಲ, ಎಲ್ಲರೂ ಹೋಗಿರುತ್ತೀರಿ. ಆದರೆ ಶಾರದಾಂಬೆಯ ದರ್ಶನ, ಊಟ ಮುಗಿಸಿ, ತುಂಗೆಯ ಮೀನಿಗೆ ಅಕ್ಕಿ ಹಾಕಿ ಬಂದವರಲ್ಲಿ ಎಷ್ಟು ಜನ ಕಪ್ಪೆ ಶಂಕರನನ್ನು ನೋಡಿದ್ದೀರಿ? ಹೊಳೆಯ ಮೆಟ್ಟಿಲ ಹತ್ತಿರವೇ ಇದೆ. ಸುಡು ಬಿಸಿಲಿನಲ್ಲಿ ಬಸುರಿ ಕಪ್ಪೆಯೊಂದು ನರಳುತ್ತಿದ್ದಾಗ ನಾಗರಹಾವು ಹೆಡೆ ಬಿಚ್ಚಿ ನೆರಳು ಕೊಟ್ಟಿತಂತೆ. ಅದನ್ನು ಕಂಡ ಶಂಕರಾಚಾರ್ಯರು, ಹುಟ್ಟು ವೈರಿಗಳೂ ಹೀಗಿರುವ ಜಾಗ ಅಂತ ಇಲ್ಲೇ ಮೊದಲ ಮಠ ಕಟ್ಟಿದರು ಅನ್ನುತ್ತಾರೆ. ಅತ್ತೆ ಈ ಕಥೆಯನ್ನು ಭಕ್ತಿಯಿಂದ ಹೇಳಿ ಮುಗಿಸಿದರು. ಮೊಮ್ಮಗ ಕೇಳಿದ, "ಅಜ್ಜಿ, ಕಪ್ಪೆ ನೀರಲ್ಲಿ ಮೊಟ್ಟೆ ಇಡೋದಲ್ವಾ? ಬಸುರಿ ಹೇಗೆ?" ಅತ್ತೆ ಒಂದು ನಿಮಿಷ ಯೋಚಿಸಿ, "ಹೊಟ್ಟೆ ತುಂಬ ಮೊಟ್ಟೆ ಇಟ್ಕೊಂಡು ನೀರಿಗೆ ಹೊರಟಿತ್ತು ಕಣೋ, ದಾರಿಯಲ್ಲಿ ಬಿಸಿಲು ತಡೆಯಕ್ಕಾಗಲಿಲ್ಲ" ಅಂದರು. ನನಗೂ ಅದು ಸರಿ ಅನ್ನಿಸಿತು.

ಪಟ್ಟಿಯಲ್ಲಿದ್ದ ನಾಯಿ ಬೆಂಗಳೂರಿನಲ್ಲೇ ಇತ್ತು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಮುಂದಿನ ಭಾನುವಾರ ಹೋದೆವು. ತೆರೆದಿದೆಯಾ ಅಂತ ವಿಚಾರಿಸಿಕೊಂಡೇ ಹೋಗಿ. ಅಲ್ಲಿರುವ ಆತಕೂರು ಶಾಸನ ಮದ್ದೂರು ಕಡೆಯದು, ಕ್ರಿ.ಶ. 949-50ರದ್ದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧ, ಅದರಲ್ಲಿ ಚೋಳರ ರಾಜಾದಿತ್ಯ ಸತ್ತದ್ದು, ಎಲ್ಲ ಅದರಲ್ಲಿದೆ. ಆದರೆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರ ರಾಜನದ್ದಲ್ಲ, ಒಂದು ನಾಯಿ ಒಂದು ಹಂದಿಯ ಮೇಲೆ ಬಿದ್ದಿರುವುದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಅವನ ಒಡೆಯ, ಗಂಗರ ರಾಜ ಬೂತುಗ, ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆಮೇಲೆ ಬೆಳತೂರಿನ ದಿಬ್ಬದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟ.

ಹಳಗನ್ನಡ ನನಗೆ ಓದಲು ಬರುವುದಿಲ್ಲ, ಮೊದಲೇ ಓದಿಕೊಂಡು ಬಂದಿದ್ದನ್ನು ಮಗನಿಗೆ ಹೇಳುತ್ತಾ ಹೋದೆ. ಆ ಗುಡಿಯನ್ನು ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಅಂತಲೂ ಬರೆಸಿದ್ದಾರೆ ಅಂದೆ. ಅವನು ಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಅಮ್ಮಾ, ನಾವು ಮಸಾಲೆ ದೋಸೆ ತಿಂದೇ ಬಂದ್ವಲ್ಲ."